ನೆಡುತೋಪಿನ ತೇಗದಲ್ಲಿ ವಯಸ್ಸು ಮತ್ತು ಬೆಳವಣಿಗೆಯ ವೇಗ: ಒಂದು ಪುನರ್ವಿಮರ್ಶೆ

ಮಲಬಾರಿನ ಕಲೆಕ್ಟರ್ ಕೊನೊಲಿಯ ಪ್ರೇರಣೆಯಿಂದಲೂ ಚಾತು ಮೆನನ್ನರ ಶ್ರಮದಿಂದಲೂ 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ರೂಪುಗೊಂಡಂದಿನಿಂದ, ನೆಟ್ಟು ಬೆಳೆಸಿದ ತೇಗವು ಸ್ವಾಭಾವಿಕ ಅರಣ್ಯದ ತೇಗಕ್ಕೆ ಸಮವೇ ಎಂಬ ಪ್ರಶ್ನೆ ಅರಣ್ಯಶಾಸ್ತ್ರಜ್ಞರನ್ನು ಬಿಟ್ಟಿಲ್ಲ. ಕಾಂಡದ ನಡುವಿನ ಎಳೆಯ ಕಾಷ್ಠದಲ್ಲಿ ನಾರುಗಳು ಗಿಡ್ಡವಾಗಿಯೂ, ಅವುಗಳ ಭಿತ್ತಿಯ ಸೂಕ್ಷ್ಮತಂತುಗಳು ಹೆಚ್ಚು ಓರೆಯಾಗಿಯೂ ಇರುವುವೆಂಬುದು ಸರ್ವಸಮ್ಮತ. ತೇಗದಲ್ಲಿ ಈ ಎಳೆತನವು ಸುಮಾರು 20ರಿಂದ 25 ವರ್ಷಗಳವರೆಗೆ ಇರಬಲ್ಲುದೆಂಬುದು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೆ. ಎಂ. ಭಟ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳಿಂದ ಸ್ಪಷ್ಟವಾಗಿದೆ.

ವಿವಾದವಿರುವುದು ವೇಗದ ವಿಷಯದಲ್ಲಿ. ಬೇಗ ಬೆಳೆದ ಮರ ಹಗುರವೂ ದುರ್ಬಲವೂ ಆಗುವುದೆಂಬ ಅಭಿಪ್ರಾಯಕ್ಕೆ ಪೈನ್ ಮೊದಲಾದ ಸೂಚೀಪರ್ಣಿ ವೃಕ್ಷಗಳ ಅನುಭವವೇ ಮುಖ್ಯ ಆಧಾರ. ಅದನ್ನು ತೇಗಕ್ಕೆ ಆರೋಪಿಸುವುದು ಯುಕ್ತವಲ್ಲ. ತೇಗದಲ್ಲಿ ಪ್ರತಿ ಋತುವಿನ ಆರಂಭದಲ್ಲಿ ದೊಡ್ಡ ನಾಳಗಳ ಒಂದು ಪಟ್ಟಿ ಮೂಡುತ್ತದೆ. ಉಂಗುರವು ಅಗಲವಾದರೂ ಈ ಪಟ್ಟಿಯ ಅಗಲ ಬಹಳವೇನೂ ವ್ಯತ್ಯಾಸವಾಗದೆ, ಋತುವಿನ ಉತ್ತರಾರ್ಧದ ದಪ್ಪ ಭಿತ್ತಿಯ ನಾರುಗಳ ಪಾಲೇ ಹೆಚ್ಚುವುದರಿಂದ, ವೇಗದ ಬೆಳವಣಿಗೆಯಿಂದ ಸಾಂದ್ರತೆ ತಾನಾಗಿ ಕುಂದಬೇಕಾದ ಕಾರಣವಿಲ್ಲ.

ಹಾಗಾದರೆ ಬೇಗ ಬೆಳೆದ ತೇಗದ ಬಗೆಗೆ ಬಡಗಿಗಳ ದೂರು ನಿರಾಧಾರವೆ? ಅಲ್ಲ, ಆದರೆ ಅದರ ಕಾರಣ ಬೇರೆ. ಒಂದು ಮರವು ವರ್ಷಕ್ಕೆ 10 ಮಿ.ಮೀ. ಅಗಲದ ಉಂಗುರಗಳಿಂದ 20 ವರ್ಷಗಳಲ್ಲಿ 40 ಸೆಂ.ಮೀ. ವ್ಯಾಸವನ್ನು ಪಡೆಯಿತೆಂದೂ, ಇನ್ನೊಂದು ಮೊದಲ 20 ವರ್ಷ 4 ಮಿ.ಮೀ.ನಂತೆಯೂ ಮುಂದಿನ 40 ವರ್ಷ 3 ಮಿ.ಮೀ.ನಂತೆಯೂ ಬೆಳೆದು ಅದೇ ವ್ಯಾಸವನ್ನು ಮುಟ್ಟಿತೆಂದೂ ಭಾವಿಸೋಣ. ಎಳೆತನದ ಎಲ್ಲೆಯನ್ನು 20 ವರ್ಷಕ್ಕೆ ಇಟ್ಟುಕೊಂಡರೆ, ಮೊದಲನೆಯದರ ಅಡ್ಡಕೊಯ್ತವೆಲ್ಲವೂ ಎಳೆಯ ಕಾಷ್ಠ. ಎರಡನೆಯದರಲ್ಲಿ ಅದು ಕೇವಲ ಶೇ. 16. ಸುತ್ತಳತೆ ಒಂದೇ, ನಾಟಾ ಬೇರೆ. ಆದುದರಿಂದ ಗುಣವನ್ನು ನಿರ್ಣಯಿಸುವುದು ವಯಸ್ಸೇ ಹೊರತು ವೇಗವಲ್ಲವೆಂದು ಹೇಳಲು ನಾನು ಧೈರ್ಯ ಮಾಡುತ್ತೇನೆ.

ಈ ಮಾತನ್ನು ಸಾಂದ್ರತೆ ಮತ್ತು ಬಲಕ್ಕೆ ಸೀಮಿತವಾಗಿಯೇ ಗ್ರಹಿಸಬೇಕು. ಬೆಂಡಿನ ಸಮೀಪದ ಉಂಗುರಗಳಲ್ಲಿ ನಾಳಗಳ ಪಟ್ಟಿ ಅಷ್ಟು ಸ್ಫುಟವಾಗಿರದು. ಅಲ್ಲಿ ಮೇಲಿನ ವಾದ ಪೂರ್ತಿಯಾಗಿ ನಿಲ್ಲಲಾರದು. ಅತಿ ಕಿರಿದಾದ ಉಂಗುರಗಳಲ್ಲಿ ನಾಳಗಳ ಪಾಲೇ ಮಿಗಿಲಾಗಿ ನಾಟಾ ಹಗುರವಾಗುವುದೂ ಉಂಟು. ಗೆದ್ದಲನ್ನು ತಡೆಯುವ ಶಕ್ತಿಯಾದರೋ ಚೇಗಿನಲ್ಲಿ ಸಂಚಯವಾಗುವ ಟೆಕ್ಟೋಕ್ವಿನೋನ್ ಮೊದಲಾದ ದ್ರವ್ಯಗಳನ್ನು ಅವಲಂಬಿಸಿದ್ದು, ಮರದ ಪ್ರಾಯದೊಡನೆ ನೆಲ ಮತ್ತು ಮಳೆಗೂ ಅಧೀನವಾಗಿದೆ. ಬಿಳಿಯ ಹೊರಭಾಗಕ್ಕಂತೂ ಮರ ಎಷ್ಟು ಹಳೆಯದಾದರೂ ಆ ಬಾಳಿಕೆ ಬಾರದು.

ನಮ್ಮ ಕಾಲುವೆ ಪ್ರದೇಶಗಳ ಹೊಲದ ಬದುಗಳಲ್ಲಿ ನೀರುಂಡು ಬೆಳೆಯುತ್ತಿರುವ ತೇಗದ ಚೇಗು, ಅದೇ ವಯಸ್ಸಿನ ಹಳಿಯಾಳದ ನೆಡುತೋಪಿನ ಚೇಗಿನಷ್ಟೇ ಬಾಳುವುದೇ ಎಂಬುದನ್ನು ಈ ವಾದದಿಂದ ಮಾತ್ರ ತೀರ್ಮಾನಿಸಲಾಗದು. ಸಮವಯಸ್ಸಿನ ಮರಗಳ ತುಂಡುಗಳನ್ನು ಗೆದ್ದಲಿರುವ ನೆಲದಲ್ಲಿ ಜೊತೆಜೊತೆಯಾಗಿ ಹೂತು, ವರ್ಷಗಟ್ಟಲೆ ಪರೀಕ್ಷಿಸಿ ನೋಡಬೇಕಾಗಿದೆ.