ಚಿಟ್ಟೆಯ ಕುಡಿಮೀಸೆ: ಸೂಕ್ಷ್ಮರಚನೆಯ ಅಧ್ಯಯನದ ಇತಿಹಾಸ

ಕುಡಿಮೀಸೆ ಎಂದರೆ ಚಿಟ್ಟೆಯ ಕಣ್ಣುಗಳ ನಡುವಿನಿಂದ ಹೊರಡುವ, ತುದಿ ಗುಂಡಗಾದ ಜೋಡಿ ಅಂಗ. ವಾಸನೆ, ಸ್ಪರ್ಶ, ತೇವ, ಶಾಖ, ಗಾಳಿಯ ಚಲನೆ ಎಲ್ಲವನ್ನೂ ಅದು ಗ್ರಹಿಸುತ್ತದೆ. ಬುಡದಲ್ಲಿ ಸ್ಕೇಪ್, ಅದರ ಮೇಲೆ ಪೆಡಿಸೆಲ್, ಅಲ್ಲಿಂದ ತುದಿಯವರೆಗೆ ಹತ್ತಾರು ಗೆಣ್ಣುಗಳ ಫ್ಲಾಜೆಲ್ಲಮ್.

ಈ ಅಂಗದ ಚರಿತ್ರೆಗೂ ಮದರಾಸಿನ ಕರಾವಳಿಗೂ ಹಳೆಯ ನಂಟಿದೆ. 1758ರಲ್ಲಿ ಲಿನೇಯಸ್ ಚಿಟ್ಟೆಗಳನ್ನೂ ಪತಂಗಗಳನ್ನೂ ಬೇರ್ಪಡಿಸಿದ್ದು ಮೀಸೆಯ ಆಕಾರ ನೋಡಿಯೇ: ತುದಿ ದಪ್ಪಗಿದ್ದರೆ ಚಿಟ್ಟೆ, ನಡು ದಪ್ಪಗಿದ್ದರೆ ಸ್ಫಿಂಕ್ಸ್ ಪತಂಗ, ಬುಡದಿಂದ ಸಣ್ಣಗಾಗುತ್ತ ಹೋದರೆ ಉಳಿದ ಪತಂಗ. ಅವನ ಶಿಷ್ಯ ಯೋಹಾನ್ ಗೆರ್ಹಾರ್ಡ್ ಕೋನಿಗ್ 1768ರಲ್ಲಿ ತರಂಗಂಬಾಡಿಗೆ ಬಂದ. ಆರ್ಕಾಟಿನ ನವಾಬನ ಬಳಿ ಕೆಲವು ವರ್ಷ ಇದ್ದು, 1778ರಿಂದ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಕೃತಿವಿಜ್ಞಾನಿಯಾಗಿ ದುಡಿದ. ಅವನು ಸಂಗ್ರಹಿಸಿದ ಅನೇಕ ಕೀಟಗಳಿಗೆ ಯುರೋಪಿನಲ್ಲಿ ಹೆಸರಿಟ್ಟವನು ಲಿನೇಯಸ್‌ನ ಇನ್ನೊಬ್ಬ ಶಿಷ್ಯ ಫ್ಯಾಬ್ರಿಸಿಯಸ್. ಹೀಗೆ ಕೋರಮಂಡಲದ ಕೀಟಗಳು ಬಹಳ ಬೇಗ ವಿಜ್ಞಾನದ ಪಟ್ಟಿ ಸೇರಿದವು. ಆದರೆ ಸೂಜಿಗೆ ಚುಚ್ಚಿದ ಒಣ ಚಿಟ್ಟೆಯಲ್ಲಿ ಮೀಸೆಯ ಹೊರಗಿನ ಆಕಾರವಷ್ಟೇ ಕಾಣುತ್ತದೆ. ಮುಂದಿನ ತಿಳಿವನ್ನು ತಂದದ್ದು ಹೊಸ ಕೀಟಗಳಲ್ಲ, ಹೊಸ ಉಪಕರಣಗಳು.

1880ರಲ್ಲಿ ಗುಸ್ಟಾವ್ ಹೌಸರ್ ಕೀಟಗಳ ಘ್ರಾಣಾಂಗಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿದ. 1903ರಲ್ಲಿ ಒಟ್ಟೋ ಷೆಂಕ್ ಮೀಸೆಯ ಮೇಲಿನ ಸಂವೇದಿ ಕೂದಲುಗಳಿಗೆ, ಅಂದರೆ ಸೆನ್ಸಿಲ್ಲಾಗಳಿಗೆ, ಕೊಟ್ಟ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಬುಡದ ಎರಡು ಗೆಣ್ಣುಗಳ ಮೇಲಿನ ಗಿಡ್ಡ ಬಿರುಗೂದಲುಗಳಿಗೆ, 1911ರಲ್ಲಿ ಅವನ್ನು ವರ್ಣಿಸಿದ ಬ್ಯೋಮ್‌ನ ಹೆಸರೇ ಉಳಿದಿದೆ. ಅದೇ ಕಾಲದ ಮದರಾಸಿನ ಕೀಟಶಾಸ್ತ್ರಕ್ಕೆ ಬೆಳೆಯ ಚಿಂತೆ. ಬೇನ್‌ಬ್ರಿಗ್ ಫ್ಲೆಚರ್ 1914ರಲ್ಲಿ, ಟಿ. ವಿ. ರಾಮಕೃಷ್ಣ ಅಯ್ಯರ್ 1940ರಲ್ಲಿ ಇಲ್ಲಿಂದ ಪ್ರಕಟಿಸಿದ ದಕ್ಷಿಣ ಭಾರತದ ಕೀಟಗಳ ಗ್ರಂಥಗಳು ರೈತನ ಹೊಲದ ಕಡೆಗೆ ಮುಖ ಮಾಡಿದ್ದವು. ಅಲ್ಲಿ ಎಲೆ ತಿನ್ನುವ ಹುಳುವಿನ ಬಾಯಿಯೇ ಮುಖ್ಯವಾದದ್ದು ಸಹಜ.

ಮೀಸೆಯ ಸೂಕ್ಷ್ಮರಚನೆ ಹೇಗಿದೆ ಎಂದು ತಿಳಿಯಲು ಚೆನ್ನೈನ ಬಯಲುಗಳಲ್ಲಿ, ಎಕ್ಕದ ಗಿಡವಿರುವ ಕಡೆಯೆಲ್ಲ ಕಾಣುವ ಪ್ಲೇನ್ ಟೈಗರ್ ಚಿಟ್ಟೆಯ ಮೀಸೆಯನ್ನೇ ನೋಡಬಹುದು. ಈ ಚಿಟ್ಟೆಯ ಬಳಗದ ಮೀಸೆಗೆ ಹುರುಪೆಗಳ ಹೊದಿಕೆಯಿಲ್ಲ. ಕೆಳಮೈಯಲ್ಲಿ ಉದ್ದಕ್ಕೂ ಮೂರು ಏಣುಗಳು, ಏಣುಗಳ ನಡುವೆ ಎರಡು ತೋಡುಗಳು. ವಾಸನೆ ಹಿಡಿಯುವ ಕೂದಲುಗಳ ಗೋಡೆಯಲ್ಲಿ ಅತಿಸಣ್ಣ ತೂತುಗಳಿವೆ. ರುಚಿ ನೋಡುವ ಗಟ್ಟಿ ಕೂದಲಿಗೆ ತೂತು ಇರುವುದು ತುದಿಯಲ್ಲಿ. ಕುಳಿಯೊಳಗೆ ಅಡಗಿದ ಗೂಟಗಳೂ ಇವೆ. ತೂತಿನಿಂದ ಒಳಬಂದ ಅಣು ದ್ರವವೊಂದನ್ನು ದಾಟಿ ನರತಂತುವನ್ನು ಮುಟ್ಟುತ್ತದೆ, ಸಂಕೇತ ಮಿದುಳಿಗೆ ಹೋಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಸಣ್ಣ ವಿವರ ಎಟುಕದು. ಆ ತೂತುಗಳು ಅದರ ಹತ್ತರಲ್ಲೊಂದು ಪಾಲಿನಷ್ಟು. ಷೆಂಕ್‌ಗೆ ಅವು ಕಾಣುವಂತೆಯೇ ಇರಲಿಲ್ಲ. 1950ರ ದಶಕದಲ್ಲಿ ಎಲೀನರ್ ಸ್ಲೈಫರ್ ಮಿಡತೆಯ ಮೀಸೆಗೆ ಬಣ್ಣ ಹಾಯಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ನೋಡಿ ತೂತುಗಳ ಈ ದಾರಿಯನ್ನು ತೋರಿಸಿಕೊಟ್ಟರು. 1965ರಲ್ಲಿ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾರುಕಟ್ಟೆಗೆ ಬಂದ ಮೇಲೆ ಮೀಸೆಯ ಮೇಲ್ಮೈ ಗುಡ್ಡ ಕಣಿವೆಗಳಂತೆ ಕಣ್ಣಿಗೆ ಬಿತ್ತು.

ರಚನೆಗೆ ಅರ್ಥ ಕೊಟ್ಟವನು ಡೀಟ್ರಿಕ್ ಷ್ನೈಡರ್. 1957ರಲ್ಲಿ ರೇಷ್ಮೆ ಪತಂಗದ ಮೀಸೆಗೆ ವಿದ್ಯುದಗ್ರ ಜೋಡಿಸಿ, ವಾಸನೆಗೆ ಅದು ಕೊಡುವ ಉತ್ತರವನ್ನು ಅಳೆದ. 1969ರಲ್ಲಿ ಪ್ಲೇನ್ ಟೈಗರಿನ ಹತ್ತಿರದ ಬಂಧು ಕ್ವೀನ್ ಚಿಟ್ಟೆಯ ಮೇಲೆ ಇದೇ ವಿಧಾನ ಪ್ರಯೋಗವಾಯಿತು. ಗಂಡು ತನ್ನ ಹೊಟ್ಟೆಯ ತುದಿಯ ಕೂದಲ ಕುಚ್ಚಿನಿಂದ ಹೆಣ್ಣಿನ ಮೀಸೆಗೆ ಡನೈಡೋನ್ ಎಂಬ ಗಂಧವನ್ನು ಸವರುತ್ತದೆ. ಆ ಗಂಧದ ಮೂಲವಸ್ತು ಸಿಗುವುದು ಗಿಜಿಗಿಜಿ ಗಿಡದಂಥ ಸಸ್ಯಗಳಲ್ಲಿ. ಒಣಗಿದ ಗಿಜಿಗಿಜಿ ಗಿಡಕ್ಕೆ ಗಂಡು ಚಿಟ್ಟೆಗಳು ಮುತ್ತುವುದು ಹೊಟ್ಟೆಪಾಡಿಗಲ್ಲ, ಇದಕ್ಕೆ.

ಚೆನ್ನೈನಲ್ಲಿ 1963ರಲ್ಲಿ ಟಿ. ಎನ್. ಅನಂತಕೃಷ್ಣನ್ ಲೊಯೋಲಾ ಕಾಲೇಜಿನಲ್ಲಿ ಕೀಟಶಾಸ್ತ್ರ ಸಂಶೋಧನೆಗೆ ನೆಲೆ ಹಾಕಿದರು. ಅವರ ಕ್ಷೇತ್ರ ಥ್ರಿಪ್ಸ್ ನುಸಿ. ಕೀಟಕ್ಕೂ ಗಿಡಕ್ಕೂ ಇರುವ ಇಂಥ ಸಂಬಂಧಗಳ ಅಧ್ಯಯನ ಅಲ್ಲಿ ಬೆಳೆಯಿತು.

ಹಾರಾಟದಲ್ಲಿ ಮೀಸೆಯ ಪಾತ್ರ ಸ್ಪಷ್ಟವಾದದ್ದು ಈಚೆಗೆ. ಪೆಡಿಸೆಲ್ಲಿನಲ್ಲಿ ಜಾನ್‌ಸ್ಟನ್ ಅಂಗ ಎಂಬ ಕಂಪನಗ್ರಾಹಿ ಇದೆ; 1855ರಲ್ಲಿ ಸೊಳ್ಳೆಯಲ್ಲಿ ವರ್ಣನೆಯಾದದ್ದು. ಸಂಜಯ್ ಸಾನೆ ಮತ್ತು ಸಂಗಡಿಗರು 2007ರಲ್ಲಿ ಫ್ಲಾಜೆಲ್ಲಮ್ ಕತ್ತರಿಸಿದ ಪತಂಗ ಹಾರಾಟದ ಹಿಡಿತ ಕಳೆದುಕೊಳ್ಳುವುದನ್ನೂ, ಅದನ್ನೇ ಅಂಟಿಸಿದರೆ ಹಿಡಿತ ಮರಳುವುದನ್ನೂ ತೋರಿಸಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅವರ ತಂಡ ಕಣಗಿಲೆ ಪತಂಗವನ್ನು ಆರಿಸಿಕೊಂಡಿತು. 2012ರ ಆ ಪ್ರಯೋಗದಲ್ಲಿ ಬ್ಯೋಮ್ ಬಿರುಗೂದಲುಗಳನ್ನು ತೆಗೆದಾಗ, ಹಾರುವ ಮೊದಲು ಮೀಸೆಯನ್ನು ಸರಿಯಾದ ಕೋನಕ್ಕೆ ತಂದು ನಿಲ್ಲಿಸಲು ಪತಂಗಕ್ಕೆ ಆಗಲಿಲ್ಲ. ಬಡಿಯುವ ರೆಕ್ಕೆಗೆ ಮೀಸೆ ತಾಗುತ್ತಿತ್ತು.