ಅಪ್ಪನ ಮುಖದ ಮೇಲಿನ ಬೆಳಕು

ಭದ್ರಾವತಿಯ ನಮ್ಮ ಮನೆಯ ನಡುಮನೆಯಲ್ಲಿ 1961ರ ಒಂದು ಪಟವಿತ್ತು. ಕುರ್ಚಿಯಲ್ಲಿ ಅಮ್ಮ, ಅವಳ ತೊಡೆಯ ಮೇಲೆ ನಾನು, ಪಕ್ಕದಲ್ಲಿ ಅಕ್ಕ, ಹಿಂದೆ ನಿಂತ ಅಪ್ಪ. ಶಿವಮೊಗ್ಗದ ಸ್ಟುಡಿಯೊ ಒಂದರಲ್ಲಿ ತೆಗೆಸಿದ್ದು. ಆದರೆ ಅಂದು ಅಪ್ಪ ಅಲ್ಲಿರಲಿಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ಅವರು ಜ್ವರದಿಂದ ತೀರಿಕೊಂಡು ಐದು ತಿಂಗಳಾಗಿತ್ತು. ಛಾಯಾಗ್ರಾಹಕರು ಹಳೆಯ ಚಿತ್ರವೊಂದರಿಂದ ಅವರ ಆಕೃತಿಯನ್ನು ಕತ್ತರಿಸಿ, ನಮ್ಮ ಹಿಂದೆ ಅಂಟಿಸಿ, ಬೆಸುಗೆ ಕಾಣದಂತೆ ಕುಂಚವಾಡಿಸಿ, ಮತ್ತೊಮ್ಮೆ ಚಿತ್ರ ತೆಗೆದಿದ್ದರು.

ಮೊನ್ನೆ ಅಕ್ಕನ ಮೊಮ್ಮಗಳು ಅದನ್ನು ಸ್ಕ್ಯಾನ್ ಮಾಡುತ್ತಾ, “ಅಜ್ಜ, ಮುತ್ತಜ್ಜನ ಮುಖಕ್ಕೆ ಬೆಳಕು ಎಡದಿಂದ ಬಿದ್ದಿದೆ, ನಿಮಗೆಲ್ಲ ಬಲದಿಂದ. ಕಂಪ್ಯೂಟರಿನಲ್ಲಿ ಸರಿಮಾಡಲಾ?” ಎಂದಳು. ನಾನು ಉತ್ತರಿಸದೆ ಕುಳಿತೆ.

ಈ ವಿದ್ಯೆ ಹೊಸದಲ್ಲ. 1857ರಲ್ಲಿಯೇ ಇಂಗ್ಲೆಂಡಿನಲ್ಲಿ ರೆಜ್ಲ್ಯಾಂಡರ್ ಎಂಬಾತ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ರಚಿಸಿದ್ದ. ನಮ್ಮ ಕಾಲದಲ್ಲಿ ಇದನ್ನು ಬೃಹತ್ತಾಗಿ ಮಾಡಿದವರು ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ. 1955ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದ ಇವರ ತಂದೆಯೂ ಅಜ್ಜನೂ ಛಾಯಾಗ್ರಾಹಕರೇ. 1999ರಲ್ಲಿ ಇವರು ರಚಿಸಿದ ‘ರೈನ್ 2’ ಚಿತ್ರದಲ್ಲಿ ಹುಲ್ಲು, ನದಿ, ಮೋಡದ ಆಕಾಶ, ಇಷ್ಟೇ. ಆಚೆ ದಡದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಅಳಿಸಲಾಗಿದೆ. 2011ರಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು.

ಗುರ್ಸ್ಕಿಯ ಗುರುಗಳ ಕಥೆ ನಮ್ಮ ಊರಿಗೆ ಇನ್ನೂ ಹತ್ತಿರ. ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಗಳು 1959ರಿಂದ ದಶಕಗಳ ಕಾಲ ಊದುಕುಲುಮೆ, ನೀರಿನ ಗೋಪುರ, ಗಣಿಯ ಗೋಪುರಗಳನ್ನು ಮೋಡ ಕವಿದ ದಿನಗಳಲ್ಲಿ, ಏನನ್ನೂ ಸೇರಿಸದೆ, ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದರು. ಅವು ಮುಚ್ಚಿಹೋಗುತ್ತಿವೆ, ಕೆಡವಲಾಗುತ್ತಿವೆ ಎಂಬುದೇ ಅವರ ಅವಸರ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1918ರಲ್ಲಿ ಆರಂಭಗೊಂಡು, 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ನನಗೆ ಮೊದಲು ನೆನಪಾದುದು ಬೆಖರ್ ದಂಪತಿಗಳ ಚಿತ್ರಗಳು. ಸೇರಿಸದ ಗುರುಗಳಿಗೆ ಅಳಿಸುವ ಶಿಷ್ಯ ಹೇಗೆ ದೊರೆತ ಎಂದು ಅಚ್ಚರಿಪಟ್ಟಿದ್ದೇನೆ.

ಕರ್ನಾಟಕದಲ್ಲಿ ಬೆಂಗಳೂರಿನ ಎನ್. ಪುಷ್ಪಮಾಲಾ ಮೂರನೆಯ ದಾರಿ ಹಿಡಿದರು. ಶಿಲ್ಪಿಯಾಗಿ ತರಬೇತಿ ಪಡೆದ ಅವರು 2000ರಿಂದ 2004ರವರೆಗೆ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲಿಕೆಯನ್ನು ರಚಿಸಿದರು. ಬಣ್ಣದ ಪರದೆ, ವೇಷ, ಸಜ್ಜುಗಳ ನಡುವೆ ತಾವೇ ನಿಂತು ರವಿವರ್ಮನ ನಾಯಿಕೆಯಾದರು. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ಚಿತ್ರಗಳನ್ನೂ ಮರುಸೃಷ್ಟಿಸಿದರು. ಇಲ್ಲಿ ಕಟ್ಟಿದ್ದು ಎಲ್ಲರಿಗೂ ಕಾಣುತ್ತದೆ. ಕಂಡಾಗಲೇ, ಹಳೆಯ ‘ನಿಜ’ ಚಿತ್ರಗಳನ್ನೂ ಯಾರೋ ಯಾವುದೋ ಉದ್ದೇಶದಿಂದ ಕಟ್ಟಿದ್ದರೆಂಬ ಅರಿವು ಮೂಡುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಛಾಯಾಚಿತ್ರ ಇತಿಹಾಸದ ನಂಬಲರ್ಹ ಸಾಕ್ಷಿಯೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯ ಗೋಡೆಯ ಸಾಕ್ಷಿಯ ವಿಷಯ ಮಾತ್ರ ಒಮ್ಮೆಯೂ ಹೇಳಲಿಲ್ಲ. ಹೇಳಿದರೆ ಅಪ್ಪನನ್ನು ಮತ್ತೊಮ್ಮೆ ಕಳೆದುಕೊಂಡಂತೆ ಎಂಬ ಅಳುಕಿತ್ತು. ಈಗ ಅನಿಸುವುದೇ ಬೇರೆ. 1961ರಲ್ಲಿ ಅಪ್ಪ ಹೇಗಿದ್ದರೆಂಬುದಕ್ಕೆ ಆ ಪಟ ಸುಳ್ಳುಸಾಕ್ಷಿ; ಅಮ್ಮನಿಗೆ ಏನು ಬೇಕಾಗಿತ್ತೆಂಬುದಕ್ಕೆ ಮಾತ್ರ ಅದಕ್ಕಿಂತ ನಿಜವಾದ ದಾಖಲೆ ಇಲ್ಲ. ಬೆಳಕನ್ನು ಸರಿಪಡಿಸಿದರೆ ಆ ದಾಖಲೆಯೇ ಅಳಿಸಿಹೋಗುತ್ತದೆ.

“ಹಾಗೇ ಇರಲಿ, ಮಗು” ಎಂದೆ. ಪಟವನ್ನು ಗೋಡೆಯಿಂದ ಇಳಿಸಿ, ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದೆ: ‘ಅಮ್ಮ, ಅಕ್ಕ, ನಾನು: 1961. ಅಪ್ಪ: ಅದಕ್ಕೂ ಹಿಂದಿನ ಚಿತ್ರದಿಂದ. ಸೇರಿಸಿದ್ದು ಅಮ್ಮನ ಇಚ್ಛೆಯಂತೆ.’ ಅವಳು ಅದನ್ನೂ ಸ್ಕ್ಯಾನ್ ಮಾಡಿಕೊಂಡಳು.