ಸೋಸು

ಮೆಂತೆಪಲ್ಲೆ ಸೋಸುವವರ ಕೈಯಲ್ಲಿ ಅರಿವೆಯೂ ಇರುವುದಿಲ್ಲ, ಜರಡಿಯೂ ಇರುವುದಿಲ್ಲ. ಸಿವುಡು ಬಿಚ್ಚಿ, ಹಳದಿ ತಿರುಗಿದ ಎಲೆ, ನಡುವೆ ಸೇರಿಕೊಂಡ ಹುಲ್ಲುಕಡ್ಡಿ, ಮಣ್ಣು ಹತ್ತಿದ ಬೇರು ತೆಗೆದುಹಾಕಿದರೆ ಸೋಸಿದಂತಾಯಿತು. ಚಹಾ ಸೋಸುವುದಕ್ಕೂ ಇದೇ ಮಾತು ಬಳಸುತ್ತೇವೆ. ಪದದ ಹಳೆಯ ಜೀವ ಮಾತ್ರ ಪಲ್ಲೆಯಲ್ಲಿಯೇ ಉಳಿದಿದೆ.

ಸಂಸ್ಕೃತದ ‘ಶುಧ್’ ಧಾತುವಿಗೆ ಶುದ್ಧವಾಗು ಎಂದರ್ಥ. ಅದರಿಂದ ಬಂದ ಶೋಧಿಸು ಕನ್ನಡದ ಬಾಯಲ್ಲಿ ಸೋದಿಸು ಆಗಿ, ಇನ್ನಷ್ಟು ಸವೆದು ಸೋಸು ಆಯಿತು. ರಸವೈದ್ಯರು ಪಾದರಸಕ್ಕೆ ಮಾಡುವ ಶೋಧನವೂ ಈ ಕುಲದ್ದೇ. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಹೆಸರಿನಲ್ಲಿರುವುದೂ ಅದೇ ಧಾತು. ಬರಬರುತ್ತ ಹುಡುಕುವ ಅರ್ಥ ಶೋಧಕ್ಕೆ ಹೋಯಿತು, ತೂತಿನಿಂದ ಇಳಿಸುವ ಅರ್ಥ ಸೋಸುವಿಕೆಗೆ ಅಂಟಿಕೊಂಡಿತು. ಇಂಗ್ಲಿಷಿನಿಂದ ಬಂದ ಫಿಲ್ಟರ್ ಹುಟ್ಟಿದ್ದೇ ತಡೆಯುವ ವಸ್ತುವಿನಿಂದ: ಉಣ್ಣೆಯನ್ನು ಅದುಮಿ ಮಾಡಿದ ಫೆಲ್ಟ್ ಅದರ ಮೂಲ.

ಈ ಎರಡು ಮಾತುಗಳ ಅಂತರ ಗಟಾರದ ನೀರಿನಲ್ಲಿ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದ ಗಟಾರದ ನೀರು ನಾಲಾ ಹಿಡಿದು ಊರ ಹೊರಗಿನ ಹೊಲ ಸೇರುವುದು ಬಹಳ ಹಿಂದಿನಿಂದ ನಡೆದುಬಂದದ್ದು. ಆ ನೀರನ್ನು ಪಂಪು ಹಚ್ಚಿ ಎತ್ತಿ ಕಾಯಿಪಲ್ಲೆ ಬೆಳೆಯುವ ರೈತರ ಬಗ್ಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೂಡಿ ಅಧ್ಯಯನ ಮಾಡಿದ್ದಾರೆ. ಪಂಪಿನ ಬಾಯಿಗೆ ಜಾಳಿಗೆ ಕಟ್ಟಿದರೆ ಪ್ಲಾಸ್ಟಿಕ್ ನಿಲ್ಲುತ್ತದೆ. ನೀರಿನಲ್ಲಿ ಕರಗಿದ ಹೊಲಸು ನಿಲ್ಲುವುದಿಲ್ಲ. ಅದಕ್ಕೆ ಎಷ್ಟು ಸಣ್ಣ ತೂತಿನ ಅರಿವೆಯೂ ಸಾಲದು.

ಅದನ್ನು ತೆಗೆಯುವ ದಾರಿ ಕಲ್ಲಿನಿಂದ ಸಿಕ್ಕಿತು. ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ 1887ರಿಂದ ನಡೆದ ಪರೀಕ್ಷೆಗಳ ಬೆನ್ನಿಗೆ, 1893ರ ಹೊತ್ತಿಗೆ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಕಲ್ಲಿನ ರಾಶಿಯ ಮೇಲೆ ಗಟಾರದ ನೀರು ಸಿಂಪಡಿಸತೊಡಗಿದರು. ಟ್ರಿಕ್ಲಿಂಗ್ ಫಿಲ್ಟರ್ ಎಂದು ಕರೆದರು. ಹೆಸರೇ ದಾರಿ ತಪ್ಪಿಸುತ್ತದೆ. ಮುಷ್ಟಿಗಾತ್ರದ ಕಲ್ಲುಗಳ ಸಂದಿಯಲ್ಲಿ ಗಾಳಿ ಸರಾಗ ಆಡುತ್ತದೆ. ಬ್ಯಾಕ್ಟೀರಿಯ ಒಂದರ ಉದ್ದವೋ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಅಲ್ಲಿ ತಡೆಯುವಂಥದ್ದು ಏನೂ ಇಲ್ಲ.

ನಡೆಯುವುದು ಕಲ್ಲಿನ ಮೈಮೇಲೆ. ನೀರು ತಾಗಿದ ಕೂಡಲೇ ಕಲ್ಲಿಗೆ ಸಾವಯವ ಕಣಗಳ ತೆಳುವಾದ ಲೇಪ ಕೂರುತ್ತದೆ. ತೇಲಿಬಂದ ಬ್ಯಾಕ್ಟೀರಿಯ ಅದನ್ನು ಮುಟ್ಟುತ್ತದೆ. ಮೊದಲ ಹಿಡಿತ ಸಡಿಲು, ಮತ್ತೆ ಬಿಟ್ಟುಹೋಗಲೂಬಹುದು. ನಿಂತದ್ದು ತನ್ನ ಮೈಯ ನವಿರೆಳೆಗಳಿಂದ ಕಲ್ಲನ್ನು ಹಿಡಿದು, ಸಕ್ಕರೆಯ ಸರಪಳಿಗಳೂ ಪ್ರೋಟೀನೂ ಕೂಡಿದ ಲೋಳೆ ಸುರಿಸಿ ಬೇರೂರುತ್ತದೆ. ಮೈ ಒರಟಾದಷ್ಟು ಲೇಸು, ಹರಿವಿನ ಹೊಡೆತ ಕುಳಿಗಳೊಳಗೆ ಮುಟ್ಟುವುದಿಲ್ಲ. ಆ ಲೋಳೆಯ ಪೊರೆಯೇ ಕರಗಿದ ಹೊಲಸನ್ನು ಹೀರಿ ಉಣ್ಣುತ್ತದೆ; ನೈಟ್ರೊಸೊಮೊನಾಸ್ ಜಾತಿಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಪೊರೆ ದಪ್ಪವಾದಂತೆ ಒಳಪದರಕ್ಕೆ ಆಮ್ಲಜನಕ ಸಿಗದು. ಬುಡದ ಹಿಡಿತ ಸಡಿಲಾಗಿ ತುಂಡುತುಂಡಾಗಿ ಕಳಚಿ, ಮುಂದಿನ ತೊಟ್ಟಿಯ ತಳ ಸೇರುತ್ತದೆ. ಬರಿದಾದ ಜಾಗಕ್ಕೆ ಹೊಸ ಸಂತತಿ ಬಂದು ಕೂರುತ್ತದೆ.

ಈ ಕೆಲಸಕ್ಕೆ ಫಿಲ್ಟರ್ ಎಂಬುದಕ್ಕಿಂತ ನಮ್ಮ ಸೋಸು ಸರಿಯಾಗಿ ಒಪ್ಪುತ್ತದೆ, ಏಕೆಂದರೆ ಅದರ ಬೇರಿನಲ್ಲಿ ಶುದ್ಧಿ ಇದೆ, ತೂತಿಲ್ಲ. ಹೊಸ ಕಲ್ಲು ತುಂಬಿದ ತೊಟ್ಟಿಯನ್ನೇ ನೋಡಿ. ಸಂದಿಗಳು ಮೊದಲ ದಿನದಿಂದಲೂ ಇದ್ದಷ್ಟೇ ಇರುತ್ತವೆ, ಆದರೂ ಪೊರೆ ಕಟ್ಟಿಕೊಳ್ಳುವ ತನಕ ಕೆಲವು ವಾರ ನೀರಿನಲ್ಲಿ ಕರಗಿದ ಹೊಲಸು ಬಹುಪಾಲು ಬಂದಂತೆಯೇ ಹೊರಗೆ ಹೋಗುತ್ತದೆ.